ದಾಖಲೆಗೆ ಹೋದ ಹೂಂ

ಸೀಗೆಹುಂಡಿ, ಹಂಗಳ ಅಂಚೆ
ಗುಂಡ್ಲುಪೇಟೆ ತಾಲ್ಲೂಕು
ಶನಿವಾರ, ೮ ನವೆಂಬರ್ ೨೦೨೫

ಪ್ರೀತಿಯ ಚಿಕ್ಕಪ್ಪಾ,

ಕಾಲು ಹೇಗಿದೆ? ರಾಡ್ ಹಾಕಿದ ಜಾಗದಲ್ಲಿ ನವೆ ಬರುತ್ತದೆ ಅಂತ ಚಿಕ್ಕಮ್ಮ ಹೇಳಿದಳು. ಹೊಲಿಗೆ ಕೂಡಿಕೊಳ್ಳುವಾಗ ಹಾಗಾಗುತ್ತದಂತೆ. ದಯವಿಟ್ಟು ಪಟ್ಟಿಯೊಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ, ನೀನು ಅಂಥವನೇ ಅಂತ ನನಗೆ ಗೊತ್ತು. ಆಸ್ಪತ್ರೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂದೆಯಂತೆ. ಅದಕ್ಕೇ ಅಮ್ಮ ಹುರುಳಿ ಬಸ್ಸಾರು ಮಾಡಿ ಡಬ್ಬಿಗೆ ತುಂಬಿ, ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದಾಳೆ. ದೊರೆಸ್ವಾಮಿ ಮಾವ ಟೊಮ್ಯಾಟೊ ಇಳಿಸಲು ಪಿಕಪ್‌ನಲ್ಲಿ ಮೈಸೂರಿಗೆ ಹೊರಟಿದ್ದಾನೆ, ಅವನೇ ತಂದುಕೊಡುತ್ತಾನೆ. ನಿನ್ನ ಟಿವಿಎಸ್ ಗಾಡಿ ಕೊಟ್ಟಿಗೆಯಲ್ಲಿದೆ. ಅದರ ಮುಂದುಗಡೆ ಯಾರೋ ಇಟ್ಟ ಮಂಕರಿಯಲ್ಲಿ ಹ್ಯಾಟೆ ಕೋಳಿ ಕಾವಿಗೆ ಕೂತುಬಿಟ್ಟಿದೆ. ನೀನು ಬರುವುದರೊಳಗೆ ಮರಿ ಮಾಡಿ ಎದ್ದರೆ ಸರಿ, ಇಲ್ಲದಿದ್ದರೆ ಗಾಡಿ ತೆಗೆಯಲು ಅದರ ಅಪ್ಪಣೆ ಪಡೆಯಬೇಕಾಗುತ್ತದೆ. ಇನ್ನೊಂದು ಮಾತು. ನಿನ್ನ ಗಾಡಿಗೆ ಅಡ್ಡ ಬಂದ ಕಾಡುಹಂದಿ ಊರಿನಲ್ಲಿ ಬಾಯಿಂದ ಬಾಯಿಗೆ ದಾಟಿ ಈಗ ಆನೆಯಾಗಿದೆ. ನೀನು ಬಂದಾಗ ಅಲ್ಲಗಳೆಯಬೇಡ, ಹೇಳಿದವರಿಗೆಲ್ಲ ಬೇಜಾರಾಗುತ್ತದೆ.

ಫೋನಿದ್ದೂ ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ವಾರ್ಡಿನಲ್ಲಿ ಚಿಕ್ಕಮ್ಮ ಫೋನನ್ನು ಸ್ಪೀಕರಿಗೆ ಹಾಕಿಬಿಡುತ್ತಾಳೆ. ಪಕ್ಕದ ಮಂಚದವರೆಲ್ಲ ‘ಯಾರವ್ವ ಅದು, ಮಗಳಾ?’ ಅಂತ ಸೇರಿಕೊಳ್ಳುತ್ತಾರೆ. ಅದೂ ಅಲ್ಲದೆ ನನ್ನ ಸಂಗತಿ ನಿನಗೆ ಗೊತ್ತೇ ಇದೆ. ಎಂ.ಎ. ಮುಗಿಸಿ ಬಂದರೂ ಅಂಗಡಿಯವನ ಹತ್ತಿರ ಚಿಲ್ಲರೆ ಕಡಿಮೆ ಕೊಟ್ಟೆ ಅಂತ ಹೇಳಲು ಬಾಯಿ ಬಾರದವಳು ನಾನು. ನೀನು ಎರಡು ಸಲ ಕೇಳಿದೆ, ‘ಸಭೆ ಎಂಗಾಯ್ತಮ್ಮಿ?’ ಅಂತ. ಎರಡು ಸಲವೂ ಚೆನ್ನಾಗಿ ಆಯಿತು ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಚೆನ್ನಾಗಿ ಆಗಲಿಲ್ಲ ಚಿಕ್ಕಪ್ಪ. ಹುಲ್ಲುಬರೆಯ ಗೋಮಾಳ ನಮ್ಮ ಕೈ ಬಿಟ್ಟು ಹೋಗುವ ಹಾಗಿದೆ. ಅಜ್ಜಿಯೇ ಅದನ್ನು ಕೊಟ್ಟಳು ಅಂತ ಊರು ಹೇಳುತ್ತಿದೆ. ಅಜ್ಜಿ ಕೊಡಲಿಲ್ಲ. ಇದನ್ನು ನಿನಗೆ ತಿಳಿಸದೆ ಇನ್ನೊಂದು ದಿನ ಕಳೆಯಲು ನನ್ನಿಂದ ಆಗುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಯಾಕೆಂದರೆ ಅವತ್ತು ಚಾಮರಾಜನಗರದ ಸಭಾಂಗಣದಲ್ಲಿ ಇದ್ಯಾವುದೂ ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಅರ್ಜಿ ಸೋಲಾರ್ ಬೇಡ ಅಂತ ಹೇಳಿರಲಿಲ್ಲ. ‘ಸೂರ್ಯನ್ ಮ್ಯಾಲ ನಮಗೇನ್ಲಾ ಸಿಟ್ಟು’ ಅಂತ ನೀನು ಅರಳಿಕಟ್ಟೆಯಲ್ಲಿ ಎಷ್ಟು ಸಲ ಹೇಳಿದ್ದೀಯೋ. ಮಳೆ ತಿಂಗಳು ತಪ್ಪಿ ಬರುತ್ತಿದೆ, ಬಂಡೀಪುರದ ಅಂಚಿನಲ್ಲಿ ಬೇಸಿಗೆ ಬಂತೆಂದರೆ ಕಾಡಿಗೆ ಬೆಂಕಿ ಬೀಳುವ ಭಯ, ಕಲ್ಲಿದ್ದಲು ಸುಟ್ಟ ಕರೆಂಟಿಗಿಂತ ಬಿಸಿಲಿನ ಕರೆಂಟು ಒಳ್ಳೆಯದು ಅಂತ ಕಾಲೇಜಿನಲ್ಲಿ ಬೀದಿನಾಟಕ ಆಡಿದವಳು ನಾನೂ ಹೌದು. (ಆಡಿದೆ ಅಂದರೆ, ನಾಟಕದಲ್ಲಿ ನಾನು ಮರ. ಮಾತಿರಲಿಲ್ಲ.) ನಾವು ಕೇಳಿದ್ದು ಒಂದೇ. ಆ ಗಾಜಿನ ಹಲಗೆಗಳನ್ನು ಕರಿಕಲ್ಲು ತೆಗೆದು ಹಾಳುಬಿಟ್ಟ ಕ್ವಾರಿಯ ಜಾಗದಲ್ಲಿ ಹಾಕಿ, ಊರಿನ ದನ ಮೇಯುವ ಗೋಮಾಳವನ್ನು ಬಿಡಿ. ಹೊಲ ಇದ್ದವರು ಬದುವಿನಲ್ಲಿ ಮೇವು ಬೆಳೆದುಕೊಳ್ಳುತ್ತಾರೆ. ನಮ್ಮ ಕೇರಿಯವರಿಗೆ ಹುಲ್ಲುಬರೆ ಬಿಟ್ಟರೆ ಹಸು ಕಟ್ಟುವ ಯೋಗ್ಯತೆಯೇ ಇಲ್ಲ. ಡೈರಿಗೆ ಹಾಕುವ ಹಾಲೆಲ್ಲ ಆ ದಿಬ್ಬದ ಹುಲ್ಲೇ. ಊರಿನವರನ್ನು ಕೇಳದೆ ಜಾಗ ಗುರುತು ಮಾಡಿದ್ದಾರೆ, ಸರ್ಕಾರ ಇದನ್ನು ವಿಚಾರಿಸಬೇಕು ಅಂತ ನೀನು ಬೆಂಗಳೂರಿಗೆ ಓಡಾಡಿ ಓಡಾಡಿ, ಕೊನೆಗೂ ವಿಧಾನಮಂಡಲದ ಸಮಿತಿಯೊಂದು ಜಿಲ್ಲೆಗೇ ಬಂದು ಅಹವಾಲು ಕೇಳುತ್ತದೆ ಅಂತಾಯಿತು. ಆ ವಾರವೇ ನಿನ್ನ ಕಾಲು ಮುರಿಯಿತು.

ಅಪ್ಪ ಬರುವ ಹಾಗಿರಲಿಲ್ಲ. ಪಂಚಾಯಿತಿಯ ನೀರು ಬಿಡುವ ಕೆಲಸ ಇನ್ನೂ ಖಾಯಂ ಆಗಿಲ್ಲ, ಸಭೆಯಲ್ಲಿ ಮುಖ ಕಂಡರೆ ತೆಗೆದುಹಾಕುತ್ತಾರೆ ಅನ್ನುವ ಭಯ. ಆಗ ಮಂಚದ ಮೇಲಿಂದಲೇ ನೀನು ಹೇಳಿದೆಯಲ್ಲ, ‘ಅವ್ವ ಓಗ್ಲಿ. ದನ ಎಲ್ ಮೇಯ್ತವೆ, ಎಲ್ ನೀರ್ ಕುಡೀತವೆ ಅನ್ನದ ಅವ್ವನಂಗೆ ಯಾರೂ ಯೋಳಕಾಗಲ್ಲ. ನೀ ಪಕ್ಕದಲ್ಲಿ ಕೂತ್ಕೊ ಕಣಮ್ಮಿ. ಅವ್ರ ಕನ್ನಡವ ಅವ್ವಂಗ ಯೋಳು, ಅವ್ವನ ಕನ್ನಡವ ಅವ್ರಿಗ್ ಯೋಳು. ನೀ ಓದಿರದ್ಯಾಕ?’ ಆ ಮಾತು ನನಗೆ ಎಷ್ಟು ಹೆಮ್ಮೆ ತಂದಿತೆಂದರೆ, ಅವತ್ತು ಕನ್ನಡಿಯ ಮುಂದೆ ನಿಂತು ‘ಮಾನ್ಯ ಅಧ್ಯಕ್ಷರೇ’ ಅಂತ ಹೇಳಿ ಅಭ್ಯಾಸ ಮಾಡಿದೆ. ಅಮ್ಮ ಒಳಗೆ ಬಂದಾಗ ತಲೆ ಬಾಚಿಕೊಳ್ಳುವವಳ ಹಾಗೆ ನಟಿಸಿದೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದೆವು. ದೊರೆಸ್ವಾಮಿ ಮಾವನೂ ಜೊತೆಗಿದ್ದ. ‘ದೊಡ್ಡವ್ವ, ನೀ ಓಟ್ ಆಕಕೆ ಓಯ್ತಿದ್ದೆ, ಈಗ ಓಟ್ ಈಸ್ಕೊಂಡೋರೆ ನಿನ್ನ ನೋಡಕೆ ಬಂದವ್ರೆ’ ಅಂತ ರೇಗಿಸುತ್ತಿದ್ದ. ಅಜ್ಜಿ ‘ಬರ್ಲಿ ಬುಡ್ಲಾ, ಮುಖನಾರು ಕಾಣನ’ ಅಂದಳು. ದಾರಿಯುದ್ದಕ್ಕೂ ಅವಳು ತನ್ನ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ತೆರಕಣಾಂಬಿ ದಾಟುವಾಗ ನನ್ನ ಮೊಣಕೈ ತಿವಿದು, ‘ಕೊಂಡಿ ಅಳ್ಳದ ನೀರ್ ಬತ್ತುದ್ ವರ್ಸ ಮೊದ್ಲು ಯೋಳ್ಲಾ, ದನ ಎಣ್ಸುದ ಮೊದ್ಲು ಯೋಳ್ಲಾ?’ ಅಂತ ಕೇಳಿದಳು. ದನದಿಂದಲೇ ಶುರು ಮಾಡು ಅಂದೆ. ಅವಳ ಹತ್ತಿರ ಅಷ್ಟೊಂದು ಮಾತಿತ್ತು ಚಿಕ್ಕಪ್ಪ, ಅದು ನಿನಗೆ ಗೊತ್ತಿರಲಿ.

ಸಭಾಂಗಣ ತಣ್ಣಗಿತ್ತು. ಒಳಗೆ ಹೋದ ಕೂಡಲೇ ಅಜ್ಜಿ ಸೆರಗು ಹೊದ್ದು, ‘ಏನ್ ಸಂದಾಗದೆ ಕೂಸೆ ಮನ! ಇಷ್ಟ್ ದೊಡ್ ಮನಲಿ ಒಂದ್ ಕಿಟಕಿನೂ ತಗ್ದಿಲ್ವಲ್ಲ’ ಅಂದಳು. ಎದುರಿಗೆ ಸಮಿತಿಯವರು, ಒಬ್ಬೊಬ್ಬರ ಮುಂದೂ ಹೆಸರಿನ ಹಲಗೆ, ಗೋಡಂಬಿ ತಟ್ಟೆ. ಹಿಂದಿನ ಬ್ಯಾನರಿನಲ್ಲಿ ಹವಾಮಾನ, ಇಂಧನ, ಹೊಣೆಗಾರಿಕೆ ಅಂತ ದೊಡ್ಡ ಅಕ್ಷರ. ಅದರ ಕೆಳಗೆ ಸಾಲಾಗಿ ಪ್ಲಾಸ್ಟಿಕ್ ನೀರಿನ ಬಾಟಲಿಗಳು. ಬಾಗಿಲ ಹೊರಗೆ ಚಾಮರಾಜನಗರದ ಹುಡುಗ ಹುಡುಗಿಯರು ಫಲಕ ಹಿಡಿದು ನಿಂತಿದ್ದರು, ‘ಬಿಸಿಲು ಎಲ್ಲರದು, ನೆಲವೂ ಎಲ್ಲರದು’ ಅಂತ. ಅವರನ್ನು ಸೇರಿಸಿದವಳು ಶಿವಾನಿ, ಲಾ ಓದಿದ ಹುಡುಗಿ, ನಿನ್ನ ಅರ್ಜಿಯನ್ನು ಟೈಪ್ ಮಾಡಿಕೊಟ್ಟವಳು. ಅವಳು ಅಜ್ಜಿಯ ಕೈ ಹಿಡಿದು ಒಳಗೆ ಬಿಟ್ಟು, ನನಗೆ ‘ಧೈರ್ಯವಾಗಿರಿ’ ಅಂದಳು. ಅವಳೂ ದೊರೆಸ್ವಾಮಿ ಮಾವನೂ ಹೊರಗೇ ಉಳಿದರು. ನನ್ನ ಮುಖ ನೋಡಿದರೇ ಗೊತ್ತಾಗುತ್ತಿತ್ತು ಅನ್ನಿಸುತ್ತದೆ.

ನಮ್ಮ ಊರಿನ ಸರದಿ ಬಂದಾಗ ಅಜ್ಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಮೈಕನ್ನು ಅವಳ ಬಾಯಿಯ ಹತ್ತಿರಕ್ಕೆ ಬಗ್ಗಿಸಿದರು. ಅಧ್ಯಕ್ಷರು ಒಳ್ಳೆಯವರ ಹಾಗೇ ಕಂಡರು. ‘ಅಜ್ಜಿ, ಮೊದಲು ನಮ್ಮ ಅಧಿಕಾರಿಗಳು ಹೇಳೋದನ್ನ ಕೇಳಿ’ ಅಂದರು. ಕೇಳುವುದು ಅಂದರೆ ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಅಜ್ಜಿ ಕಿವಿಗೊಟ್ಟಳು. ಯೋಜನೆಯ ಅಧಿಕಾರಿ ಎದ್ದು ನಿಂತು ಓದತೊಡಗಿದ. ‘ಸದರಿ ಗೋಮಾಳವು ಬಹುಕಾಲದಿಂದ ಮೇವಿಗೆ ಬಳಕೆಯಲ್ಲಿರುವುದಿಲ್ಲ.’ ಅಜ್ಜಿ ‘ಊಂ’ ಅಂದಳು. ‘ಗ್ರಾಮಸ್ಥರಿಗೆ ಯೋಜನೆಯ ಬಗ್ಗೆ ತಿಳಿವಳಿಕೆ ನೀಡಲಾಗಿರುತ್ತದೆ.’ ‘ಊಂ.’ ‘ಈ ಬಗ್ಗೆ ಗ್ರಾಮಸ್ಥರಿಂದ ಯಾವುದೇ ತಕರಾರು ಸ್ವೀಕೃತವಾಗಿರುವುದಿಲ್ಲ.’ ‘ಊಂ.’ ಮೈಕಿನಲ್ಲಿ ಆ ಊಂ ಇಡೀ ಸಭಾಂಗಣ ತುಂಬಿಕೊಳ್ಳುತ್ತಿತ್ತು. ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸಿನ ಪರದೆ ನನಗೆ ಕಾಣುತ್ತಿತ್ತು. ಪ್ರತಿ ಊಂಗೂ ಆಕೆ ‘ಹೌದು’ ಅಂತ ಹೊಡೆಯುತ್ತಿದ್ದಳು.

ಅಜ್ಜಿ ಯಾಕೆ ಊಂ ಅಂದಳು ಅಂತ ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಾದಪ್ಪನ ಕತೆ ಹೇಳಲು ಕಂಸಾಳೆಯವರು ಮನೆಗೆ ಬಂದರೆ ಮುಂದೆ ಕೂರುವವಳು ಅವಳೇ. ಹೂಂಗುಟ್ಟುವವರಿಲ್ಲದೆ ಕತೆ ಹೇಳಬಾರದು, ಅರ್ಧಕ್ಕೆ ನಿಂತ ಕತೆ ಮನೆಗೆ ಒಳ್ಳೆಯದಲ್ಲ ಅನ್ನುವವಳು. ಕತೆಯಲ್ಲಿ ಮಲತಾಯಿ ಮಗುವಿಗೆ ವಿಷ ಇಟ್ಟರೂ ಅಜ್ಜಿ ಊಂ ಅನ್ನುತ್ತಾಳೆ. ವಿಷ ಇಟ್ಟದ್ದು ಸರಿ ಅಂತಲ್ಲ, ಮುಂದೆ ಹೇಳು ಅಂತ. ಹೇಳುವವನು ಮುಗಿಸುವ ತನಕ ಊಂ ಅನ್ನಬೇಕು, ಆಮೇಲೆ ನಮ್ಮ ಸರದಿ. ಬೀಡಿ ಅಂಗಡಿಯ ಸುಳ್ಳುಬುರುಕನಿಗೂ ಅವಳು ಆ ಮರ್ಯಾದೆ ಕೊಡುತ್ತಾಳೆ. ಆ ಅಧಿಕಾರಿಗೂ ಕೊಟ್ಟಳು. ನನ್ನ ಎಂ.ಎ. ಪ್ರಬಂಧದಲ್ಲಿ ಇದರ ಮೇಲೆಯೇ ಒಂದು ಅಧ್ಯಾಯ ಇದೆ ಚಿಕ್ಕಪ್ಪ. ‘ಹೂಂ ಎಂಬುದು ಸಮ್ಮತಿಯಲ್ಲ, ಕೇಳುಗನು ಹೇಳುಗನಿಗೆ ಸಲ್ಲಿಸುವ ಗೌರವ’ ಅಂತ ಬರೆದಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರು ಆ ಸಾಲನ್ನು ಗಟ್ಟಿಯಾಗಿ ಓದಿ ತಲೆದೂಗಿದರು. ಆ ಅಧ್ಯಾಯಕ್ಕೆ ಬೇಕಾದದ್ದನ್ನೆಲ್ಲ ನಾನು ತೆಗೆದದ್ದು ಅಜ್ಜಿಯ ಬಾಯಿಂದಲೇ. ಪರದೆಯ ಮೇಲೆ ‘ಹೌದು’ ಅನ್ನುವುದು ಒಂದರ ಕೆಳಗೊಂದು ಇಳಿಯುತ್ತಿದ್ದಾಗ, ಆ ಇಡೀ ಸಭಾಂಗಣದಲ್ಲಿ ಅದು ತಪ್ಪು ಅಂತ ಗೊತ್ತಿದ್ದವಳು ನಾನೊಬ್ಬಳೇ ಇರಬೇಕು.

ಅಧ್ಯಕ್ಷರು ನಕ್ಕು, ‘ನೋಡ್ರೀ, ಅಜ್ಜಿ ಎಲ್ಲದಕ್ಕೂ ಹೂಂ ಅಂತಿದ್ದಾರೆ, ನೀವು ಸುಮ್ನೆ ಗಾಬರಿ ಬಿದ್ದಿದ್ರಿ’ ಅಂದರು. ಎಲ್ಲರೂ ನಕ್ಕರು. ತನ್ನನ್ನು ಮೆಚ್ಚಿ ನಕ್ಕರು ಅಂದುಕೊಂಡು ಅಜ್ಜಿಯೂ ನಕ್ಕಳು. ನಾನು ಏಳಬೇಕಿತ್ತು. ‘ಮಾನ್ಯ ಅಧ್ಯಕ್ಷರೇ’ ಅನ್ನುವುದು ಗಂಟಲಿನ ತನಕ ಬಂದಿತ್ತು. ಅಷ್ಟು ಜನ ದೊಡ್ಡವರು ನಗುತ್ತಿರುವಾಗ ಎದ್ದು, ನಮ್ಮಜ್ಜಿಗೆ ನಿಮ್ಮ ಭಾಷೆ ಅರ್ಥವಾಗಿಲ್ಲ ಅನ್ನಬೇಕಲ್ಲ ಅಂತ ಮುಖ ಸುಟ್ಟ ಹಾಗಾಯಿತು. ನಿಜವಾಗಿ ಅರ್ಥವಾಗದೆ ಇದ್ದದ್ದು ಅವರಿಗೆ. ಅದು ಹೊಳೆದದ್ದು ಬಸ್ಸಿನಲ್ಲಿ. ಅಷ್ಟರಲ್ಲಿ ಅಧಿಕಾರಿ ಕಾಗದ ಮಡಚಿದ, ಮೈಕನ್ನು ಪಕ್ಕದ ಊರಿನವರಿಗೆ ತಿರುಗಿಸಿದರು. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ‘ಮುಗೀತಾ ಬುದ್ಧಿ? ಈಗ್ ನಾ ಯೋಳ್ಲಾ?’ ಅಂದಳು. ಮೈಕಿಲ್ಲದ್ದರಿಂದ ಅದು ನನಗೆ ಮಾತ್ರ ಕೇಳಿಸಿತು. ಒಬ್ಬ ಪೇದೆ ಬಂದು ‘ಏಳಮ್ಮ, ಆಯ್ತು ನಿಂದು’ ಅಂತ ಎಬ್ಬಿಸಿದ. ಹೊರಗೆ ಬರುತ್ತಾ ಅಜ್ಜಿ ನನ್ನನ್ನೇ ಸಮಾಧಾನ ಮಾಡಿದಳು. ‘ಒತ್ತಾಯ್ತೇನೊ ಅವ್ರಿಗೆ. ನಂದ ಇನ್ನೊಂದ್ ಸರ್ತಿ ಕೇಳಾರು ಬುಡು’ ಅಂದಳು.

ಎರಡು ದಿನಕ್ಕೆ ಪೇಪರಿನಲ್ಲಿ ಬಂತು, ಸೀಗೆಹುಂಡಿ ಗ್ರಾಮಸ್ಥರ ಸಮ್ಮತಿ ಅಂತ. ಸೋಮವಾರ ಜೀಪಿನಲ್ಲಿ ಬಂದು ಹುಲ್ಲುಬರೆಯ ಸುತ್ತ ಹಳದಿ ಬಣ್ಣದ ಗೂಟ ಹೊಡೆದರು. ದನ ಅದಕ್ಕೇ ಮೈ ಉಜ್ಜಿಕೊಂಡು ಬಣ್ಣ ಮಾಡಿಕೊಂಡು ಬಂದಿವೆ, ಅವಕ್ಕೇನು ಗೊತ್ತು. ಊರು ಮಾತ್ರ ಅವತ್ತಿನಿಂದ ಬೇರೆಯಾಯಿತು. ಹೋಟೆಲಿನ ಮುಂದೆ ನಾನು ಹೋದರೆ ‘ಮುದ್ಕಿ ಊಂ ಅಂದ್ಬುಟ್ಟದೆ, ಇನ್ನೇನ್ ಬುಡ್ಲಾ, ದನ ಮಾರ್ಕೊಳನ’ ಅಂತ ನನಗೆ ಕೇಳಲೆಂದೇ ಹೇಳುತ್ತಾರೆ. ಡೈರಿಯಲ್ಲಿ ಪುಟ್ಟಮಲ್ಲಮ್ಮತ್ತೆ, ನಮ್ಮ ಎದುರು ಮನೆಯವಳು, ಅಜ್ಜಿಯ ಜೊತೆ ನಲವತ್ತು ವರ್ಷ ದನ ಹೊಡೆದುಕೊಂಡು ಹೋದವಳು, ಎಲ್ಲರ ಮುಂದೆ ‘ಒಂದ್ ಊಂಗೆ ಎಷ್ಟ್ ಕೊಟ್ರಮ್ಮಿ ನಿಮ್ಮಜ್ಜಿಗೆ? ನಮಗೂ ಯೋಳಿದ್ರ ನಾವೂ ಬಂದು ಊಂ ಅಂತಿದ್ವಲ್ಲ’ ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಾಪ, ಅವಳ ಮೂರು ಹಸುವೂ ಹುಲ್ಲುಬರೆಯವೇ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹಾಲಿನ ಕ್ಯಾನು ಹಿಡಿದುಕೊಂಡು ನಾನು ನನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತಿದ್ದೆ.

ಇದು ಅಜ್ಜಿಯ ಕಿವಿಗೂ ಬಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ. ‘ನಾನೇನ್ ಬರ್ಕೊಟ್ಟಿಲ್ಲ, ಎಬ್ಬೆಟ್ಟು ಒತ್ತಿಲ್ಲ. ನಮ್ ರಂಜು ಪಕ್ಕದಲ್ಲೇ ಇದ್ಲು. ತಪ್ಪಾಗಿದ್ರ ಅವ್ಳ್ ಯೋಳ್ತಿರ್ನಿಲ್ವಾ?’ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಒಂದೊಂದು ಸಲ ಹಾಗೆ ಹೇಳಿದಾಗಲೂ ನಾನು ಒಳಗಿನ ಕೋಣೆಗೆ ಹೋಗಿ ಏನಾದರೂ ಹುಡುಕುತ್ತಿದ್ದೆ. ಆಮೇಲೆ ಅದನ್ನೂ ಹೇಳುವುದು ಬಿಟ್ಟಳು. ಈಗ ಏನು ಮಾಡುತ್ತಿದ್ದಾಳೆ ಗೊತ್ತೇ ಚಿಕ್ಕಪ್ಪ? ಊಂ ಅನ್ನುವುದನ್ನೇ ನಿಲ್ಲಿಸಿದ್ದಾಳೆ. ಅಮ್ಮ ಪಾತ್ರೆ ತೊಳೆಯುತ್ತಾ ಏನಾದರೂ ಹೇಳಿದರೆ ಬಾಯಿ ಬಿಗಿದುಕೊಂಡು ಕೂರುತ್ತಾಳೆ. ಅಮ್ಮ ಎರಡು ಮಾತಿಗೆ ತಡವರಿಸಿ, ‘ಕೇಳ್ತಿದ್ದೀಯಾ ಅತ್ತೆ?’ ಅನ್ನುತ್ತಾಳೆ. ಅಜ್ಜಿ ತಲೆ ಮಾತ್ರ ಆಡಿಸುತ್ತಾಳೆ. ಮೊನ್ನೆ ನಾನು ಸಂತೆಯ ಸುದ್ದಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಆ ಕಡೆಯಿಂದ ಊಂ ಬಾರದಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಮಾತು ಮುಂದಕ್ಕೆ ಹೋಗುವುದಿಲ್ಲ ಅಂತ ನನಗೆ ಗೊತ್ತಾದದ್ದೇ ಈಗ.

ಶಿವಾನಿ ಫೋನ್ ಮಾಡಿದ್ದಳು. ‘ನೀವು ಪಕ್ಕದಲ್ಲೇ ಇದ್ರಲ್ಲ, ಏನಾಯ್ತು?’ ಅಂತ ಕೇಳಿದಳು. ಬೈಯಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಬೈದಿದ್ದರೆ ವಾಸಿಯಿತ್ತು. ಊಂ ಅನ್ನುವುದರ ಸಂಗತಿ ಹೇಳಿದೆ. ಅವಳು, ಸಮಿತಿಯ ವರದಿ ಇನ್ನೂ ಸದನಕ್ಕೆ ಹೋಗಿಲ್ಲ, ಬುಧವಾರ ಬೆಂಗಳೂರಿನಲ್ಲಿ ಕೊನೆಯ ಬೈಠಕ್ ಇದೆ, ಹೇಳಿಕೆ ತಪ್ಪಾಗಿ ದಾಖಲಾಗಿದೆ ಅಂತ ಅಲ್ಲಿದ್ದವರೇ ಹೋಗಿ ಬಾಯಿಬಿಟ್ಟು ಹೇಳಿದರೆ ತಿದ್ದಲು ಬರುತ್ತದೆ, ಬರೆದು ಕಳಿಸಿದರೆ ಆಗುವುದಿಲ್ಲ ಅಂದಳು. ಬರೆದು ಕಳಿಸಿದರೆ ಆಗುವ ಹಾಗಿದ್ದರೆ ನಾನು ಹತ್ತು ಪುಟ ಬರೆಯುತ್ತಿದ್ದೆ. ಸಮಿತಿಯ ಕಚೇರಿಗೆ ಅವಳೇ ಮಾತಾಡಿ ನನ್ನ ಹೆಸರು ಕೊಟ್ಟಿದ್ದಾಳೆ. ಐದು ನಿಮಿಷ ಕೊಡುತ್ತಾರಂತೆ. ಅದು ತಪ್ಪಿದರೆ ವರದಿ ಹೋಗುತ್ತದೆ, ಹುಲ್ಲುಬರೆಗೆ ಬೇಲಿ ಬೀಳುತ್ತದೆ. ಅಜ್ಜಿ ಊರನ್ನು ಮಾರಿದವಳಾಗಿಯೇ ಉಳಿಯುತ್ತಾಳೆ. ಮಂಗಳವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಅಂತ ಹೇಳಿದ್ದೇನೆ.

ಇಲ್ಲಿ ಉಳಿದದ್ದೆಲ್ಲ ಹೇಗಿತ್ತೋ ಹಾಗೇ ಇದೆ. ಕೆಂಪು ಕರುವಿನ ಕಾಲಿನ ಗಾಯ ವಾಸಿಯಾಗಿದೆ. ಈರುಳ್ಳಿ ಕೊಯ್ಲಿಗೆ ಕೂಲಿ ಸಿಗುತ್ತಿಲ್ಲ ಅಂತ ಗೌಡರ ಮನೆಯವರು ಅಮ್ಮನನ್ನು ಎರಡು ಸಲ ಕರೆದರು. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು, ಆಸ್ಪತ್ರೆಯ ನೆಲದ ಮೇಲೆ ಮಲಗಿ ಸೊಂಟ ನೋಯಿಸಿಕೊಳ್ಳುವುದು ಬೇಡ, ಈ ಸಲ ಅಮ್ಮ ಕಳಿಸಿರುವ ಕಂಬಳಿ ಹಾಸಿಕೊಳ್ಳಲಿ. ಡಬ್ಬಿ ತೊಳೆದು ದೊರೆಸ್ವಾಮಿ ಮಾವನ ಕೈಯಲ್ಲೇ ಕಳಿಸಬೇಕಂತೆ, ಹೋದ ಸಲದ ಮುಚ್ಚಳ ಇನ್ನೂ ಬಂದಿಲ್ಲ ಅಂತ ಅಮ್ಮ ಗೊಣಗುತ್ತಿದ್ದಾಳೆ. ಮಾದಪ್ಪ ನಿನ್ನ ಕಾಲನ್ನು ಬೇಗ ನೆಲಕ್ಕೆ ಊರಿಸಲಿ. ಮನೆಯವರೆಲ್ಲರ ಪರವಾಗಿ ನಿನ್ನ ಪಾದ ಮುಟ್ಟಿದ್ದೇನೆ, ರಾಡ್ ಇಲ್ಲದ ಕಡೆಯದನ್ನು.

ನಿನ್ನ ಮಗಳ ಸಮಾನಳಾದ,
ಶಿವರಂಜಿನಿ

ಮರೆತೆ: ಮರೆಯಲಿಲ್ಲ ಚಿಕ್ಕಪ್ಪ, ಬರೆಯಲು ಆಗಲಿಲ್ಲ, ಸಹಿ ಹಾಕಿ ಕವರಿಗೆ ಹಾಕಿ ಮತ್ತೆ ತೆಗೆದೆ. ಮೇಲೆ ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ. ಎಲ್ಲರೂ ನಕ್ಕ ಮೇಲೆ, ಮೈಕು ಪಕ್ಕದ ಊರಿಗೆ ಹೋಗುವ ಮೊದಲು, ಸಮಿತಿಯ ಒಬ್ಬರು ‘ಬರೀ ಹೂಂ ಅಂದ್ರೆ ದಾಖಲೆಗೆ ಸಾಲದು, ಅಜ್ಜಿಗೆ ಅರ್ಥ ಆಗಿದೆಯೋ ಇಲ್ಲವೋ’ ಅಂದರು. ಅಧ್ಯಕ್ಷರು ‘ಓದಿರೋ ಹುಡುಗಿ ಪಕ್ಕದಲ್ಲೇ ಇದ್ದಾಳಲ್ರೀ’ ಅಂದು ಮೈಕನ್ನು ನನ್ನ ಕಡೆ ತಿರುಗಿಸಿದರು. ‘ಏನಮ್ಮ, ನಿಮ್ಮಜ್ಜಿ ಇದಕ್ಕೆಲ್ಲ ಒಪ್ಪಿದ್ದಾರೆ ತಾನೆ?’ ಅಂತ ಕೇಳಿದರು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ‘ಹೂಂ’ ಅಂದೆ. ಅವರು ನೋಡುವುದು ನಿಲ್ಲಲಿ, ಮೈಕು ಆ ಕಡೆ ಹೋಗಲಿ ಅಂತ ಅಂದೆ. ದಾಖಲೆಗೆ ಹೋದದ್ದು ಆ ಹೂಂ, ಊರು ಅಜ್ಜಿಯನ್ನು ಬೈಯುತ್ತಿರುವುದು ಆ ಹೂಂಗೆ. ಬುಧವಾರ ಅಲ್ಲಿ ನಾನು ಹೇಳಬೇಕಾದದ್ದು ಇದನ್ನು. ಶಿವಾನಿಗೂ ಹೇಳಿಲ್ಲ, ಅಮ್ಮನಿಗೂ ಗೊತ್ತಿಲ್ಲ. ನಿನ್ನೆ ಹಿತ್ತಲಲ್ಲಿ ಅಜ್ಜಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, ‘ನಾ ಅಂದುದ್ದು ಅವ್ನ್ ಕತ ಮುಗೀಲಿ ಅಂತ. ನೀ ಯಾರ್ ಕತಗೆ ಊಂ ಅಂದೆ ಕಣಮ್ಮಿ?’ ಅಂತ ಕೇಳಿದಳು. ಸಿಟ್ಟಿನಿಂದಲ್ಲ. ಮತ್ತೆ ಕಾಯಿ ಬಿಡಿಸತೊಡಗಿದಳು. ದೊರೆಸ್ವಾಮಿ ಮಾವ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಓದಿದ ಮೇಲೆ ಬುಧವಾರ ಸಂಜೆಯ ತನಕ ನನಗೆ ಫೋನ್ ಮಾಡಬೇಡ. ನೀನು ‘ಇರ್ಲಿ ಬುಡು ಕೂಸೆ’ ಅಂದುಬಿಟ್ಟರೆ ನಾನು ಹೋಗುವುದಿಲ್ಲ.